ಶಿವನ ನೀರಿಗೆ ಮೆಟ್ಟು ಹಾಕಿಕೊಂಡು ಇಳಿಯಬೇಕೆ?

ನಮ್ಮ ಬೆಟ್ಟದ ರಸ್ತೆಯ ಜಲಪಾತವನ್ನು ಪ್ರವಾಸಿ ತಾಣ ಮಾಡಿದ ಅಧಿಕಾರಿಗಳೇ,

ಮಾನ್ಯರೇ, ಅಲ್ಲಿ ನೀವು ನೆಡಿಸಿದ ಹೊಸ ಬೋರ್ಡು ನೋಡಿ ನನಗೆ ಹೇಸಿಗೆಯಾಯಿತು. ಇದಕ್ಕಿಂತ ಮರ್ಯಾದೆಯ ಮಾತು ಹುಡುಕಿದೆ, ಸಿಗಲಿಲ್ಲ. ‘ನೀರಿನಲ್ಲಿ ಗಾಜಿನ ಚೂರುಗಳಿವೆ, ಪಾದರಕ್ಷೆ ಧರಿಸಿಯೇ ಇಳಿಯಿರಿ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದೀರಿ. ಅಂದರೆ ಗಾಜು ಇರುವುದು ತಮಗೂ ಗೊತ್ತು! ಬೋರ್ಡು ನೆಡಲು ಬಂದವರ ಕೈಗೆ ಒಂದು ಪೊರಕೆಯನ್ನೂ ಕೊಟ್ಟು ಕಳಿಸಬಾರದಿತ್ತೇ?

ಮಳೆ ಹಿಡಿಯಿತೆಂದರೆ ಭಾನುವಾರ ಆ ತಿರುವಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೈಸೂರಿನವರು, ಕೇರಳದವರು, ನಮ್ಮದೇ ಗುಂಡ್ಲುಪೇಟೆಯವರು. ಬರಲಿ, ನೀರು ಯಾರಪ್ಪನ ಮನೆಯದೂ ಅಲ್ಲ. ಆದರೆ ಸೋಮವಾರ ಬೆಳಿಗ್ಗೆ ಒಮ್ಮೆ ಹೋಗಿ ನೋಡಿ. ಕಲ್ಲಿನ ಸಂದಿಯಲ್ಲಿ ಮಗುವಿನ ಡೈಪರು, ಅದರ ಪಕ್ಕ ಅರ್ಧ ತಿಂದ ಬಿರಿಯಾನಿ, ಬಂಡೆಯ ಹಿಂದೆ ಉಚ್ಚೆಯ ನಾತ. ಬೀರು ಬಾಟಲಿಯನ್ನು ಬಂಡೆಗೆ ಹೊಡೆದು ಒಡೆಯುವುದರಲ್ಲಿ ಅದೇನು ಸುಖವೋ ನನಗಂತೂ ತಿಳಿಯದು.

ಬೆಟ್ಟದ ಬುಡದ ನಮ್ಮೂರಿನಲ್ಲಿ ಒಂದು ಪದ್ಧತಿಯಿದೆ. ಶ್ರಾವಣದ ಸೋಮವಾರ ಹೆಂಗಸರು ಆ ನೀರನ್ನು ಚೊಂಬಿನಲ್ಲಿ ತಂದು ಊರ ಈಶ್ವರನಿಗೆ ಎರೆಯುತ್ತಾರೆ. ಚಪ್ಪಲಿ ಮನೆಯಲ್ಲೇ ಬಿಟ್ಟು ಹೊರಡಬೇಕು, ತುಂಬಿದ ಚೊಂಬನ್ನು ಗುಡಿ ಮುಟ್ಟುವವರೆಗೆ ನೆಲಕ್ಕಿಡಬಾರದು. ನನ್ನ ದೊಡ್ಡಮ್ಮ ಪುಟ್ಟಮಲ್ಲಮ್ಮ ಸೊಸೆಯಾಗಿ ಬಂದಾಗಿನಿಂದ ಇದನ್ನು ತಪ್ಪಿಸಿದವಳಲ್ಲ. ಈ ಸಲ ಮೊದಲ ಸೋಮವಾರವೇ ಗಾಜು ಅವಳ ಅಂಗಾಲನ್ನು ಸೀಳಿತು. ಚೊಂಬು ಎದೆಗವುಚಿಕೊಂಡು ಒಂಟಿ ಕಾಲಲ್ಲಿ ನಿಂತಿದ್ದಳಂತೆ. ಅಲ್ಲಿ ಜೋಳ ಸುಟ್ಟು ಮಾರುವ ಅಮೀರ್ ಜಾನ್ ಓಡಿ ಬಂದು, “ಅಮ್ಮಾ, ನೀವು ಚೊಂಬು ಬುಡಬ್ಯಾಡಿ, ಕಾಲು ನಾನು ನೋಡ್ಕತೀನಿ” ಎಂದು ತನ್ನ ಟವೆಲ್ಲು ಹರಿದು ಕಟ್ಟಿದ. ತನ್ನ ಆಟೋದಲ್ಲೇ ಮೊದಲು ಗುಡಿಗೆ, ಆಮೇಲೆ ಆಸ್ಪತ್ರೆಗೆ ಕರೆದೊಯ್ದ. ಸಕ್ಕರೆ ಕಾಯಿಲೆಯ ಕಾಲು, ಗಾಯ ಇನ್ನೂ ಪೂರ್ತಿ ಮಾಗಿಲ್ಲ.

ದೂರು ಕೊಡಲು ಹೋದರೆ ತಮ್ಮ ಕಚೇರಿಯವರು, “ಚಪ್ಪಲಿ ಹಾಕ್ಕೊಂಡು ಇಳಿಯಕ್ಕೆ ಅವರಿಗೇನ್ರೀ ಕಷ್ಟ?” ಎಂದರು. ಆ ಉಡಾಫೆಯೇ ಈಗ ಬೋರ್ಡಾಗಿ ನಿಂತಿದೆ.

ಬೋರ್ಡಿನ ವಿಷಯ ಹೇಳಿದಾಗ ದೊಡ್ಡಮ್ಮ ಕಾಲಿನ ಪಟ್ಟಿ ನೋಡಿಕೊಳ್ಳುತ್ತಾ, “ಶಿವನ್ ನೀರ್ಗೆ ಮೆಟ್ಟು ಮೆಟ್ಕಂಡು ಇಳಿಯಕಾದದೇನ್ಲಾ ಮಗ? ಓಗ್ಲಿ ಬುಡು, ಇನ್ಮೇಲೆ ನಲ್ಲಿ ನೀರೇ ಉಯ್ತೀನಿ” ಎಂದಳು. ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅವಳು ಸುಮ್ಮನೆ ಸೋತು ಹೇಳಿದಳು, ನಾನು ಪೆನ್ನು ಕೈಗೆತ್ತಿಕೊಂಡೆ.

ಆದ್ದರಿಂದ ಕೇಳುತ್ತಿದ್ದೇನೆ. ಗಾಜು ಎತ್ತಿಸಿ. ಬಾಟಲಿ ಹಿಡಿದು ಬರುವವರನ್ನು ರಸ್ತೆಯಲ್ಲೇ ತಡೆಯಿರಿ. ಶ್ರಾವಣದ ಕೊನೆಯ ಸೋಮವಾರ ಇನ್ನೂ ಬಾಕಿಯಿದೆ. ಅಂದು ಬೆಳಿಗ್ಗೆ ತಾವೂ ಬನ್ನಿ, ಬೂಟು ಜೀಪಿನಲ್ಲೇ ಬಿಟ್ಟು ಮೊದಲು ತಾವು ನೀರಿಗಿಳಿಯಿರಿ. ತಾವು ಕಾಲಿಟ್ಟಲ್ಲೇ ಕಾಲಿಟ್ಟು ದೊಡ್ಡಮ್ಮ ಹಿಂದೆ ಬರುತ್ತಾಳೆ.

ಇಂತಿ,
ದೊಡ್ಡಮ್ಮನ ಖಾಲಿ ಚೊಂಬು ಹಿಡಿದು ರಸ್ತೆಬದಿಯಲ್ಲಿ ಕಾಯುವ,
ಬಸವಪ್ರಸಾದ್