ಹಿಂಬಾಗಿಲಿನಿಂದ ಬರುವ ರೊಟ್ಟಿ

ಮಾನ್ಯ ನಗರ ನ್ಯಾಯಾಧೀಶರೇ,

ನನ್ನ ತಾಯಿ ಓಜೆಲ್ಲಾ ಗ್ಯಾಡ್ಸನ್ ನಿಮ್ಮ ಜೈಲಿನಲ್ಲಿದ್ದಾಳೆ. ಬಿಳಿಯರ ಚರ್ಚಿನ, ಅಂದರೆ ತಮ್ಮದೇ ಚರ್ಚಿನ, ಮೆಟ್ಟಿಲ ಮೇಲೆ ಮಂಡಿಯೂರಿ ಕಣ್ಣು ಮುಚ್ಚಿದ್ದು ಅವಳ ಅಪರಾಧ. ‘ದೈವಾರಾಧನೆಗೆ ಅಡ್ಡಿ’ ಎಂದು ತಾವು ತೀರ್ಪು ಕೊಟ್ಟಿರಿ. ಪ್ರಾರ್ಥನೆಯಿಂದ ಆರಾಧನೆಗೆ ಅಡ್ಡಿಯಾಗುತ್ತದೆಂದು ಈ ಅಲಬಾಮಾದಲ್ಲಿ ಕಂಡುಹಿಡಿದ ಕೀರ್ತಿ ತಮಗೇ ಇರಲಿ.

ತಾವು ಒಳಗೆ ಮುಂದಿನ ಸಾಲಿನಲ್ಲಿ ಕೂತು ಹಾಡುತ್ತಿದ್ದಿರಿ, ಹೊರಗಿನದು ಕಂಡಿರಲಾರದು. ನಾನೂ ಅಮ್ಮನೂ ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ಹ್ಯಾಟು, ಬಿಳಿ ಗವಸು ಹಾಕಿಕೊಂಡು ಬಂದೆವು. ಬಾಗಿಲಲ್ಲಿ ನಿಮ್ಮ ಸಭೆಯ ಹಿರಿಯರು ಭುಜಕ್ಕೆ ಭುಜ ಕೊಟ್ಟು ನಿಂತಿದ್ದರು. ದೇವರು ಎಲ್ಲಿ ತಪ್ಪಿಸಿಕೊಂಡು ನಮ್ಮ ಕಡೆ ಬಂದುಬಿಡುತ್ತಾನೋ ಎಂಬ ಭಯವೋ ಏನೋ! “ನಿಮ್ಮ ಕರಿಯರ ಚರ್ಚು ರೈಲುಹಳಿ ಆಚೆ ಇದೆ, ಹೋಗ್ರೇ” ಎಂದರು. ಅಮ್ಮ ಅಲ್ಲೇ ಮಂಡಿಯೂರಿದಳು. ಒಬ್ಬ ಅವಳ ರಟ್ಟೆ ಹಿಡಿದು ಎಳೆದ.

“ತಾಳಪ್ಪ, ಮಂಡಿ ನೋವು, ಒಂದೇ ಸಲಕ್ಕೆ ಏಳಕ್ಕಾಗಲ್ಲ. ಹೆಂಗೂ ಕೂತಿದೀನಿ, ನಿನ್ನ ಹೆಸರು ಹೇಳು, ನಿನ್ನನ್ನೂ ಸೇರಿಸಿ ಬೇಡ್ಕೋತೀನಿ” ಎಂದಳು.

ಅವನು ಅವಳ ಹ್ಯಾಟು ಕಿತ್ತು ಬೀದಿಗೆ ಎಸೆದ. ನನ್ನ ಮೈ ಉರಿದುಹೋಯಿತು. ಛತ್ರಿ ಎತ್ತಿಯೇಬಿಟ್ಟೆ. ಅಮ್ಮ ಕಣ್ಣು ಬಿಡದೆಯೇ, “ಲೂವೀನಿಯಾ, ಇಳಿಸೇ ಅದನ್ನ. ನೀನು ಹೊಡೆದ್ರೆ ನಾನು ಇಲ್ಲಿ ಕೂತಿದ್ದು ದಂಡ” ಅಂದಳು. ಇಳಿಸಿದೆ. ಈಗಲೂ ಕೈ ಕಡಿಯುತ್ತಿದೆ. ಪೊಲೀಸರು ಬಂದು ಛತ್ರಿ ಎತ್ತಿದವಳನ್ನು ಬಿಟ್ಟು ಮಂಡಿಯೂರಿದವಳನ್ನು ಎಳೆದೊಯ್ದರು. ನಿಮ್ಮ ಊರಿಗೆ ಯಾವುದು ಹೆಚ್ಚು ಅಪಾಯವೆಂದು ಅವರಿಗೆ ಚೆನ್ನಾಗಿ ಗೊತ್ತು.

ಕೋರ್ಟಿನಲ್ಲಿ ತಾವು ದಯೆ ತೋರಿದಿರಿ. “ತಪ್ಪಾಯ್ತು, ಇನ್ನು ಆ ಬಾಗಿಲಿಗೆ ಬರಲ್ಲ ಅನ್ನು ಓಜೆಲ್ಲಾ, ಮನೆಗೆ ಹೋಗು” ಎಂದಿರಿ. ನಿಮ್ಮ ತಾಯಿಯ ವಯಸ್ಸಿನವಳು ಸ್ವಾಮಿ ಅವಳು! “ದೇವರ ಮುಂದೆ ಮಂಡಿ ಊರಿದ್ದು ತಪ್ಪು ಅಂತ ಹೆಂಗೆ ಹೇಳಲಿ ಸಾರ್? ಆಮೇಲೆ ಆ ಸುಳ್ಳಿಗೆ ಯಾರ ಮುಂದೆ ಮಂಡಿ ಊರಲಿ?” ಎಂದಳು. ತಾವು ಸುತ್ತಿಗೆ ಕುಟ್ಟಿದಿರಿ.

ಇನ್ನು ನಿನ್ನೆಯ ಸಂಗತಿ ಕೇಳಿ. ತಮ್ಮ ಚರ್ಚಿನ ಅಡುಗೆಮನೆ ನೋಡಿಕೊಳ್ಳುವ ಮೇಡಂ ಕಾರಿನಲ್ಲಿ ನಮ್ಮ ಮನೆಗೆ ಬಂದರು.

“ಓಜೆಲ್ಲಾ ಎಲ್ಲಿ? ಈ ಭಾನುವಾರ ಪ್ರಭುಭೋಜನ ಇದೆ, ರೊಟ್ಟಿಗೆ ಹೇಳಿ ಹೋಗೋಣ ಅಂತ ಬಂದೆ.”

“ಜೈಲಲ್ಲಿದ್ದಾಳೆ ಮೇಡಂ. ನಿಮ್ಮ ಚರ್ಚಿನ ಮೆಟ್ಟಿಲಿಂದಾನೇ ಹಿಡಕೊಂಡು ಹೋದ್ರು.”

“ಅಯ್ಯೋ ದೇವರೇ, ಅದು ಓಜೆಲ್ಲಾನಾ? ಪೇಪರಲ್ಲಿ ಯಾರೋ ಕರಿ ಹೆಂಗಸು ಅಂತಿತ್ತು! ಹೋಗ್ಲಿ, ನೀನೇ ಮಾಡಿಕೊಡು.”

ತಮಗೆ ಈ ವಿಷಯ ಗೊತ್ತಿತ್ತೇ? ನಾನು ಹುಟ್ಟುವ ಮೊದಲಿನಿಂದಲೂ ತಮ್ಮ ಸಭೆಯ ಪ್ರಭುಭೋಜನದಲ್ಲಿ ತಾವೆಲ್ಲ ಸಾಲುಸಾಲಾಗಿ ತಟ್ಟೆ ದಾಟಿಸಿಕೊಂಡು ಮುರಿದು ತಿನ್ನುವ ರೊಟ್ಟಿ ಮಾಡುತ್ತಿರುವವಳು ನನ್ನ ಅಮ್ಮ. ಹಿಂಬಾಗಿಲಲ್ಲಿ ಕೊಟ್ಟು, ಹಿಂಬಾಗಿಲಿನಿಂದಲೇ ಹಿಂದಿರುಗುತ್ತಾಳೆ. ಅವಳು ನಾದಿದ ಹಿಟ್ಟು ನಿಮ್ಮ ಬಾಯಲ್ಲಿ ಕ್ರಿಸ್ತನ ದೇಹ. ಅದೇ ಕೈ ಮುಂಬಾಗಿಲು ಮುಟ್ಟಿದರೆ ಮೈಲಿಗೆಯೇ? ಇಷ್ಟು ವರ್ಷ ನುಂಗಿದಿರಲ್ಲ, ಒಂದು ಸಲವಾದರೂ ಗಂಟಲಲ್ಲಿ ಸಿಕ್ಕಲಿಲ್ಲವೇ? ಥೂ, ನಿಮ್ಮ ಭಕ್ತಿಗಿಷ್ಟು!

ಇವತ್ತು ಜೈಲಿಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. “ಮಾಡಲ್ಲ ಅಂದುಬಿಟ್ಟೆ. ಈ ಸಲ ಗಾಳಿ ನುಂಗಲಿ” ಎಂದು ನಕ್ಕೆ. ಅವಳು ನಗಲಿಲ್ಲ.

“ದೇವರ ಊಟಕ್ಕೆ ಕಲ್ಲು ಹಾಕ್ತೀಯೇನೇ? ಮಾಡು. ನಿನಗೆ ಉಪ್ಪಿನ ಕೈ ಜಾಸ್ತಿ, ನೋಡ್ಕೊಂಡು ಹಾಕು. ಆದ್ರೆ ಮುಂಬಾಗಿಲಿಂದ ತಗೊಂಡು ಹೋಗು.”

ಆದ್ದರಿಂದ ನನ್ನ ಒತ್ತಾಯವಿದು: ಭಾನುವಾರದೊಳಗೆ ನನ್ನ ತಾಯಿಯನ್ನು ಬಿಡಿ. ‘ತಪ್ಪಾಯ್ತು’ ಎಂಬ ಮಾತು ಅವಳ ಬಾಯಿಂದ ಬರುವುದಿಲ್ಲ, ಅದು ತಮ್ಮ ಬಾಯಿಂದ ಬರಬೇಕಾದದ್ದು. ಬಿಟ್ಟರೆ ಅವಳೇ ರೊಟ್ಟಿ ತರುತ್ತಾಳೆ, ಮುಂಬಾಗಿಲು ತೆಗೆಸಿಡಿ. ಬಿಡದಿದ್ದರೆ ನಾನು ತರುತ್ತೇನೆ. ಛತ್ರಿ ಮನೆಯಲ್ಲೇ ಇರುತ್ತದೆ. ತಡೆದರೆ, ಅಮ್ಮ ಕೂತ ಮೆಟ್ಟಿಲ ಮೇಲೆಯೇ ಮಂಡಿಯೂರುತ್ತೇನೆ. ಆಗ ನನ್ನನ್ನೂ ಹಿಡಿಸಿ. ರೊಟ್ಟಿ ನನ್ನ ಕೈಯಲ್ಲೇ ಇರುತ್ತದೆ, ಅದನ್ನು ಜೈಲಿನಲ್ಲಿ ನಾನೂ ಅಮ್ಮನೂ ಮುರಿದು ತಿನ್ನುತ್ತೇವೆ. ತಾವು ಒಳಗೆ ಮುಂದಿನ ಸಾಲಿನಲ್ಲಿ ಕೂತು ಖಾಲಿ ತಟ್ಟೆ ದಾಟಿಸಿಕೊಳ್ಳಿ.

ಇಂತಿ,
ಮಂಡಿಯೂರುವುದನ್ನು ಈಗಷ್ಟೇ ಕಲಿಯುತ್ತಿರುವ
ಲೂವೀನಿಯಾ ಗ್ಯಾಡ್ಸನ್,
ರೈಲುಹಳಿಯ ಆಚೆ