ನಾನು ನಾನೇ ಎಂದು ಯಾರು ಹೇಳಬೇಕು?

ಆಡಳಿತ ಮತ್ತು ಗಣಕ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನನ್ನ ಖಾತೆ ಇವತ್ತು ಬೆಳಿಗ್ಗೆಯೂ ಲಾಕ್ ಆಗಿದೆ. ಲಾಗಿನ್ ಆದರಷ್ಟೇ ಹಾಜರಿ ಎಂಬುದು ತಮ್ಮ ನಿಯಮ. ಹಾಗಾಗಿ ರಾಬರ್ಟ್‌ಸನ್‌ಪೇಟೆಯ ಕಚೇರಿಯಲ್ಲಿ ಜಾನುವಾರುಗಳ ಲಸಿಕೆ ವಿವರ ಹಿಡಿದು ಕೂತಿರುವ ನಾನು ತಮ್ಮ ಪ್ರಕಾರ ಗೈರು. ಹೀಗೇ ಆದರೆ ಕೆಲಸದಿಂದ ತೆಗೆಯುತ್ತೇವೆಂಬ ನೋಟಿಸನ್ನೂ ಕಳಿಸಿದ್ದೀರಿ, ನಾನು ತೆರೆಯಲಾಗದ ಅದೇ ಖಾತೆಗೆ! ತಮ್ಮ ಸಿಬ್ಬಂದಿ ಫೋನಿನಲ್ಲಿ ಓದಿ ಹೇಳಿ ಉಪಕಾರ ಮಾಡಿದರು.

ಸಹಾಯವಾಣಿಯವರು ಸಭ್ಯರು. ಕ್ಯಾಪ್ಸ್ ಲಾಕ್ ನೋಡಿ ಎಂದರು, ನೋಡಿದೆ. ಪಾಸ್‌ವರ್ಡ್ ಬದಲಿಸಿದ್ದೀರಾ ಎಂದರು, ಇಲ್ಲಿಗೆ ಬಂದ ದಿನವೇ ಬದಲಿಸಿದ್ದೆ. ಬೀಗ ತೆಗೆಯಬೇಕಾದರೆ, ನಾನು ನಾನೇ ಎಂದು ಪಕ್ಕದ ಸಹೋದ್ಯೋಗಿ ದೃಢೀಕರಿಸಬೇಕಂತೆ. ಇಲ್ಲವಾದರೆ ಅದು ತಾನಾಗಿ ತೆರೆಯುವ ತನಕ, ಅಂದರೆ ಮಧ್ಯಾಹ್ನದವರೆಗೆ, ಕಾಯಬೇಕು. ಈ ಕಚೇರಿಗೆ ತಾವು ಹಾಕಿದ್ದು ನನ್ನೊಬ್ಬಳನ್ನೇ ಅಲ್ಲವೇ? ಡಬ್ಬಿ ಬಿಚ್ಚಿದರೆ ಏನು ಸಾರು ಎಂದು ಕೇಳುವವರಿಲ್ಲದ ಕಡೆ ಸಾಕ್ಷಿಯನ್ನು ಎಲ್ಲಿಂದ ತರಲಿ? ಇಲ್ಲಿ ಒಬ್ಬಳೇ ಇದ್ದು ಸಾಕಾಗಿದೆ, ಸ್ವಾಮಿ.

ಬೇರೆ ಯಾವುದೋ ಯಂತ್ರ ನಿಮ್ಮ ಹಳೆಯ ಪಾಸ್‌ವರ್ಡ್ ಒತ್ತುತ್ತಿರಬಹುದು ಎಂದು ತಮ್ಮವರೊಬ್ಬರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಿದರು. ಮೊದಲು ನಾನಿದ್ದ ಬೇತಮಂಗಲದ ಕೇಂದ್ರಕ್ಕೆ ನಿನ್ನೆ ಬಸ್ಸು ಹತ್ತಿದೆ. ನನ್ನ ವರ್ಗಾವಣೆಯ ನಂತರ ಅಲ್ಲಿಗೆ ತಾವು ಯಾರನ್ನೂ ಹಾಕಿಲ್ಲ. ಕಸ ಗುಡಿಸುವ ಕನಕಮ್ಮ ಮಾತ್ರ ದಿನಾ ಬೆಳಿಗ್ಗೆ ಬಾಗಿಲು ತೆಗೆದು, ನನ್ನ ಕಂಪ್ಯೂಟರ್ ಒರೆಸಿ, ಕುಂಕುಮವಿಟ್ಟು, ಹೂ ಮುಡಿಸಿ, ಆನ್ ಮಾಡುತ್ತಾರೆ. ಅದರೊಳಗೆ ಉಳಿದುಕೊಂಡ ಹಳೆಯ ಪಾಸ್‌ವರ್ಡ್ ಮತ್ತೆ ಮತ್ತೆ ಹೋಗಿ, ತಪ್ಪೆನಿಸಿಕೊಂಡು ಖಾತೆಗೆ ಬೀಗ ಹಾಕಿಸಿ, ಇಲ್ಲಿ ನನ್ನನ್ನು ಹೊರಗೆ ನಿಲ್ಲಿಸುತ್ತದೆ.

ಯಾಕೆ ಹೀಗೆ ಎಂದು ಕೇಳಿದೆ.

"ದುಡಿಯೋ ಮಿಷನ್ನು ಕತ್ಲಾಗೆ ಮಡಗ್ಬಾರ್ದು ಕಣಮ್ಮ. ಆಕಿದ್ರೆ ನಿನ್ ಪೋಟ ಬತ್ತದಲ್ಲ, ಅದ್ರ ಜೊತೆ ಒಂದೆಲ್ಡು ಮಾತಾಡ್ತೀನಿ. ಇಲ್ಲಿ ಇನ್ಯಾರವ್ರೆ?" ಎಂದರು.

ನನಗೆ ಅಳು ಬಂತು. ವೈರು ಕೀಳಲು ಹೋದವಳು ಅವರು ಕೊಟ್ಟ ಟೀ ಕುಡಿದು ವಾಪಸಾದೆ. ಇಡೀ ಇಲಾಖೆಯಲ್ಲಿ ನನ್ನ ದಾರಿ ನೋಡುವ ಜೀವ ಅದೊಂದೇ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ನನ್ನನ್ನು ಬೇತಮಂಗಲಕ್ಕೆ ಕಳಿಸಿ, ಇಲ್ಲವೇ ಕನಕಮ್ಮನವರನ್ನು ಇಲ್ಲಿಗೆ ಕಳಿಸಿ. ತಮ್ಮ ತಾಂತ್ರಿಕ ದೋಷ ಅಂದೇ ಸರಿಹೋಗುತ್ತದೆ. ಎರಡೂ ಆಗದು ಎಂದಾದರೆ, ಆ ಕಂಪ್ಯೂಟರ್ ಆರಿಸಿಬಿಡಿ ಎಂದು ತಾವೇ ಬಂದು ಅವರಿಗೆ ಹೇಳಿ. ಕೆಲಸ ಹೋದರೂ ಸರಿ, ಅದು ನನ್ನಿಂದಾಗದು.

ಇಂತಿ,
ಬೆಳಗಿನ ಹೊತ್ತು ಬೇತಮಂಗಲದಲ್ಲಿ ಹಾಜರಿದ್ದು ರಾಬರ್ಟ್‌ಸನ್‌ಪೇಟೆಯಲ್ಲಿ ಗೈರಾಗುವ
ವನಿತಾ