ಅಡುಗೆ ಕಟ್ಟೆಯ ಎತ್ತರ

ಕಾಪು
26 ಆಗಸ್ಟ್ 2025, ಮಂಗಳವಾರ

ಪ್ರೀತಿಯ ಬೆನೆಡಿಕ್ಟಾಳಿಗೆ, ಗಂಡ ಫೌಸ್ಟಿನ್ ಮಾಡುವ ನಮಸ್ಕಾರ.

ಇದು ರಾಜಿಯ ಕಾಗದ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಅಡುಗೆಮನೆಯ ಕೆಲಸಕ್ಕೆ ಸಂಬಂಧಪಟ್ಟ ಕೆಲವು ಪ್ರಶ್ನೆ ಉಂಟು, ಅದಕ್ಕೆ ನಿನ್ನ ಸಲಹೆ ಬೇಕು, ಅಷ್ಟೇ. ಫೋನಿನಲ್ಲಿ ಕೇಳಬಹುದಿತ್ತು. ಆದರೆ ನಾನು ಯಾವಾಗ ಮಾಡಿದರೂ ನಿನ್ನ ತಂಗಿ ಸಿಂಥಿಯಾ ಎತ್ತಿ, "ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ ಭಾವ" ಎನ್ನುತ್ತಾಳೆ. ಏಳು ವಾರದಿಂದ ಸ್ನಾನ! ನಿನ್ನ ತವರು ಕುಕ್ಕುಂದೂರಿನ ಬಾವಿಯಲ್ಲಿ ಇನ್ನೂ ನೀರು ಉಂಟಾ ಎಂತ?

ಕೊಂಕಣಿಯಲ್ಲಿಯೇ ಬರೆಯುವ ಎಂದುಕೊಂಡೆ. ಆದರೆ ನಮ್ಮ ಜಗಳ ಆದದ್ದು ಕೊಂಕಣಿಯಲ್ಲಿ. ಆ ಭಾಷೆಯಲ್ಲಿ ಬರೆಯಲು ಕುಳಿತರೆ ಮೊದಲಿನಿಂದ ಪುನಃ ಶುರುವಾಗುತ್ತದೆ ಎಂದು ಹೆದರಿಕೆ. ಕನ್ನಡ ಆದರೆ ನೀನು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ಭಾಷೆ. ನನ್ನ ಕಾಗದಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಕುವೈಟಿಗೆ ವಾಪಸ್ ಕಳಿಸುತ್ತಿದ್ದೆಯಲ್ಲ, ಇದನ್ನೂ ತಿದ್ದು. ಬೇಜಾರಿಲ್ಲ.

ಆ ಜಗಳವಾದರೂ ಎಷ್ಟರದ್ದು, ನೀನೇ ಹೇಳು. ಇಪ್ಪತ್ತಾರು ವರ್ಷ ಕುವೈಟಿನಲ್ಲಿ ನಾಲ್ಕು ಸಾವಿರ ಜನರ ಊಟದ ಸ್ಟೋರ್ ನೋಡಿಕೊಂಡವನು ನಾನು. ಏಪ್ರಿಲಿನಲ್ಲಿ ಪೂರ್ತಿ ಬಿಟ್ಟು ಊರಿಗೆ ಬಂದೆ. ಮನೆಯಲ್ಲಿ ಸುಮ್ಮನೆ ಕುಳಿತರೆ ಕೈ ತುರಿಸುತ್ತದೆ. ನಿನ್ನ ಡಬ್ಬಗಳಿಗೆ ನಂಬರ್ ಅಂಟಿಸಿದೆ, ಹಳೆಯ ಬೇಳೆ ಮುಂದೆ ಹೊಸ ಬೇಳೆ ಹಿಂದೆ ಇಟ್ಟೆ, ಗೋಡೆಗೆ ಒಂದು ರಿಜಿಸ್ಟರ್ ತೂಗುಹಾಕಿದೆ. ತೆಂಗಿನಕಾಯಿ ತೆಗೆಯುವಾಗ ಅದರಲ್ಲಿ ಒಂದು ಸಹಿ ಹಾಕು ಎಂದೆ. ಅಷ್ಟಕ್ಕೇ ನೀನು ಪೆನ್ನನ್ನು ಸಾರಿನ ಪಾತ್ರೆಗೆ ಹಾಕಿ, "ನಿಮ್ಮ ಸ್ಟೋರ್ ನೀವೇ ನೋಡಿಕೊಳ್ಳಿ" ಎಂದು ಚೀಲ ಹಿಡಿದು ಕಾರ್ಕಳದ ಬಸ್ಸು ಹತ್ತಿದೆ.

ಇರಲಿ, ವಿಷಯಕ್ಕೆ ಬರುತ್ತೇನೆ. ನೀನು ಹೋದ ಮೇಲೆ ಅಡುಗೆಮನೆ ಒಡೆಸಿದೆ. ಹೌದು, ಒಡೆಸಿದೆ, ಕೋಪ ಮಾಡಬೇಡ. "ಈ ಕತ್ತಲೆಯಲ್ಲಿ ಹೊಗೆ ಕುಡಿದು ನನ್ನ ಅರ್ಧ ಆಯುಷ್ಯ ಹೋಯಿತು" ಎಂದು ನೀನೇ ಬರೆದಿದ್ದೆ. ಒಂದಲ್ಲ, ಹತ್ತು ಕಾಗದದಲ್ಲಿ. ಎಲ್ಲವೂ ನನ್ನ ಹತ್ತಿರ ತಾರೀಕು ಪ್ರಕಾರ ಉಂಟು. ಈಗ ಪೂರ್ವದ ಗೋಡೆಗೆ ದೊಡ್ಡ ಕಿಟಕಿ ಬಂದಿದೆ. ಪಕ್ಕದ ಮನೆಯ ವಿನೋದಾಳ ದಾಸವಾಳ ಗಿಡ ಚೆಂದ ಕಾಣುತ್ತದೆ. ವಿನೋದಾಳಿಗೆ ನಾನೂ ಕಾಣುತ್ತೇನೆ, ಅದೊಂದು ಕಿರಿಕಿರಿ.

ಕೆಲಸ ಮಾಡುವುದು ಕೂಸಪ್ಪ ಮೇಸ್ತ್ರಿ, ನಿನ್ನ ಹತ್ತಿರವೇ ಅ ಆ ಇ ಈ ಕಲಿತವನು. ಕೈ ಚೊಕ್ಕ, ಆದರೆ ವಿಚಿತ್ರ ಮನುಷ್ಯ ಮಾರಾಯ್ತಿ. ಬೆಳಿಗ್ಗೆ ನಾನು ಎಂತ ಹೇಳಿದರೂ "ಆಯಿತು ಫೌಸ್ಟಿನಣ್ಣ, ನೋಡುವ" ಎನ್ನುತ್ತಾನೆ. ಮಧ್ಯಾಹ್ನ ಊಟ ಮುಗಿಸಿ, ಒಳಗೆ ರೇಂಜ್ ಇಲ್ಲ ಎಂದು ಮೊಬೈಲ್ ಹಿಡಿದುಕೊಂಡು ತೆಂಗಿನ ಮರದ ಬುಡಕ್ಕೆ ಹೋಗುತ್ತಾನೆ. ಅಲ್ಲಿಂದ ಬರುವಾಗ ಅವನಿಗೆ ಸ್ವಂತ ಅಭಿಪ್ರಾಯ ಬಂದಿರುತ್ತದೆ! ಸಿಂಕ್ ಮೂಲೆಗೆ ಎಂದೆ. ಬೇಡ, ಕಿಟಕಿಯ ಕೆಳಗೆ ಎಂದ. ಕಪ್ಪು ಗ್ರಾನೈಟ್ ಎಂದೆ. "ಕಪ್ಪಿನಲ್ಲಿ ಇರುವೆ ಕಾಣುವುದಿಲ್ಲ ಅಣ್ಣ" ಎಂದ. ಊಟ ಆದ ಮೇಲೆ ಎಲ್ಲರಿಗೂ ನಿದ್ದೆ ಬರುತ್ತದೆ, ಇವನಿಗೆ ಬುದ್ಧಿ ಬರುತ್ತದೆ. ಹೇಳುವುದು ಸರಿಯೇ ಇರುವುದರಿಂದ ಒಪ್ಪಿಕೊಂಡೆ.

ನಿನ್ನ ಅಮ್ಮ ಕೊಟ್ಟ ಮಸಾಲೆ ಕಡೆಯುವ ಕಲ್ಲು ಕ್ಷೇಮವಾಗಿ ಉಂಟು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನನ್ನ ಊಟವೂ ಚೆನ್ನಾಗಿ ನಡೆಯುತ್ತಿದೆ. ಮೊನ್ನೆ ಬಂಗುಡೆ ಸಾರು ಮಾಡಿದೆ, ಬೆಕ್ಕಿಗೂ ಇಷ್ಟವಾಯಿತು.

ಈಗ ಪ್ರಶ್ನೆ. ಒಲೆಯ ಕೆಳಗಿನ ಮೊದಲನೆಯ ಡ್ರಾಯರಿನಲ್ಲಿ ಎಂತ ಇಡುವುದು? ನಾನು ಬಿಲ್ಲುಗಳನ್ನು ಇಡುವ ಎಂದಿದ್ದೆ, ಕೂಸಪ್ಪ ನನ್ನ ಮುಖವನ್ನೇ ನೋಡಿದ. ಚಿಮಣಿ ಬೇಕಾ ಬೇಡವಾ? ಇದೆಲ್ಲ ಸಣ್ಣದು. ದೊಡ್ಡ ಪ್ರಶ್ನೆ ಕಟ್ಟೆಯದ್ದು.

ಚಿಮಣಿ ನೋಡಲು ಮಣಿಪಾಲದ ಒಂದು ಶೋರೂಮಿಗೆ ಹೋಗಿದ್ದೆ. ಅಲ್ಲಿ ಧೃತಿ ಎಂಬ ಹುಡುಗಿ, ಕಂಪ್ಯೂಟರಿನಲ್ಲಿ ಅಡುಗೆಮನೆಯ ಚಿತ್ರ ಬಿಡಿಸುವವಳು, "ಅಂಕಲ್, ಆಂಟಿಯ ಎತ್ತರ ಎಷ್ಟು?" ಎಂದಳು. ಕಟ್ಟೆ ಮೊಣಕೈಯಿಂದ ನಾಲ್ಕು ಇಂಚು ಕೆಳಗೆ ಬರಬೇಕಂತೆ, ಇಲ್ಲದಿದ್ದರೆ ಬೆನ್ನುನೋವು, ಹೆಗಲುನೋವು. ಕುವೈಟಿನ ಸ್ಟೋರಿನ ಒಂದೊಂದು ರ‍್ಯಾಕಿನ ಎತ್ತರ ನನಗೆ ಈಗಲೂ ಬಾಯಿಪಾಠ. ಹೆಂಡತಿಯ ಎತ್ತರ ಗೊತ್ತಿಲ್ಲ. ಏರ್‌ಪೋರ್ಟಿನಲ್ಲಿ ಪ್ರತಿ ಸಲ ಅಪ್ಪಿಕೊಂಡು ಬೀಳ್ಕೊಡುವಾಗ ನಿನ್ನ ತಲೆ ನನ್ನ ಎಲ್ಲಿಗೆ ಬರುತ್ತಿತ್ತು ಎಂದು ನೆನಪು ಮಾಡಲು ನೋಡಿದೆ. ಆಗೆಲ್ಲ ಕಣ್ಣು ಮಂಜಾಗಿರುತ್ತಿತ್ತು, ಅಳತೆ ಸಿಗಲಿಲ್ಲ. ಆ ಹುಡುಗಿಯ ಎದುರು ನನಗೆ ಬಹಳ ನಾಚಿಕೆಯಾಯಿತು, ಬೆನೆಡಿಕ್ಟಾ.

ಮನೆಗೆ ಬಂದು ಒಂದು ಉಪಾಯ ಮಾಡಿದೆ. ಕಪಾಟಿನಲ್ಲಿದ್ದ ನಿನ್ನ ನೀಲಿ ನೈಟಿಯನ್ನು ಹ್ಯಾಂಗರಿಗೆ ಹಾಕಿ, ಅಂಚು ಪಾದದ ಗಂಟಿಗೆ ಬರುವ ಹಾಗೆ ಬಾಗಿಲಿಗೆ ತೂಗಿಸಿದೆ. ಕೂಸಪ್ಪ ನೈಟಿಯ ತೋಳು ಮಡಚಿ ಹಿಡಿದ, ನಾನು ಟೇಪ್ ಹಿಡಿದು ಮೊಣಕೈ ಎಲ್ಲಿ ಬರಬಹುದು ಎಂದು ನೋಡಿದೆ. ಅಷ್ಟರಲ್ಲಿ ಕಿಟಕಿಯಲ್ಲಿ ವಿನೋದಾ. "ಅಯ್ಯೋ ದೇವರೇ, ಟೀಚರ್ ಇಲ್ಲದೆ ಫೌಸ್ಟಿನಣ್ಣನಿಗೆ ಈ ಗತಿ ಬಂತಾ!" ಎಂದು ಕಣ್ಣೊರೆಸಿಕೊಂಡು ಹೋದಳು. ಅಂದಿನಿಂದ ದಿನಾ ಒಂದು ತಟ್ಟೆ ಊಟ ಕಳಿಸುತ್ತಿದ್ದಾಳೆ.

ನಾಲ್ಕು ಇಂಚು ಕಳೆದು ಕಟ್ಟೆಗೆ ಮೂವತ್ತಾರು ಇಂಚು ಬಂತು. ನೀನು ಹೆಚ್ಚುಕಡಿಮೆ ನನ್ನಷ್ಟೇ ಎತ್ತರ ಎಂದಾಯಿತು. ಜಗಳದ ದಿನ ನನಗಿಂತ ಎತ್ತರ ಕಂಡಿದ್ದೆ, ಆದ್ದರಿಂದ ಅನುಮಾನ ಬರಲಿಲ್ಲ. ಕೂಸಪ್ಪನೂ ತೆಂಗಿನ ಬುಡಕ್ಕೆ ಹೋಗಿ ಬಂದು, ಜೀವಮಾನದಲ್ಲಿ ಮೊದಲ ಸಲ, "ಅಣ್ಣ ಹೇಳಿದ್ದೇ ಸರಿ" ಎಂದ. ಗ್ರಾನೈಟ್ ಕೂರಿಸಿ ಆಗಿದೆ. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಎತ್ತರ ಸರಿ ಉಂಟೋ ಇಲ್ಲವೋ ಬರೆದು ತಿಳಿಸು. ಇಲ್ಲದಿದ್ದರೆ ಒಡೆಸಿ ಪುನಃ ಹಾಕಿಸುತ್ತೇನೆ.

ರಿಜಿಸ್ಟರನ್ನು ತೆಗೆದಿದ್ದೇನೆ. ಸಹಿ ಕೇಳಿದ್ದು ತಪ್ಪು. ಇಪ್ಪತ್ತಾರು ವರ್ಷ ನೀನು ಯಾರ ಸಹಿಯೂ ಇಲ್ಲದೆ ನಡೆಸಿದ ಅಡುಗೆಮನೆ ಅದು.

ಇಂತಿ ನಿನ್ನ,
ಫೌಸ್ಟಿನ್

ಮರೆತಿದ್ದೆ: ಬರುವ ಎಂಟನೇ ತಾರೀಕಿಗೆ ಮೊಂತಿ ಹಬ್ಬ, ನಮ್ಮ ತೆನೆ ಹಬ್ಬ. ಪ್ರತಿ ವರ್ಷ ನೀನು ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿದ ಹೊಸ ತೆನೆಯ ಏಳೆಂಟು ಕಾಳನ್ನು ಲಕೋಟೆಯಲ್ಲಿ ಹಾಕಿ ಕುವೈಟಿಗೆ ಕಳಿಸುತ್ತಿದ್ದೆ, ಮನೆಯವರೆಲ್ಲ ಒಟ್ಟಿಗೆ ಹೊಸ ಅಕ್ಕಿ ಉಂಡ ಹಾಗಾಗಲಿ ಎಂದು. ನಾನು ಸ್ಟೋರಿನಲ್ಲಿ ಅಕ್ಕಿಮೂಟೆಗಳ ನಡುವೆ ನಿಂತು ಅದನ್ನು ಅಗಿಯುತ್ತಿದ್ದೆ. ಈ ವರ್ಷ ನಾನು ಮನೆಯಲ್ಲಿದ್ದೇನೆ. ನಿನ್ನ ಪಾಲನ್ನು ಕುಕ್ಕುಂದೂರಿಗೆ ಅಂಚೆಯಲ್ಲಿ ಕಳಿಸಬೇಕಾ? ಅದನ್ನೂ ತಿಳಿಸು.

---

ಕುಕ್ಕುಂದೂರು
1 ಸೆಪ್ಟೆಂಬರ್ 2025, ಸೋಮವಾರ

ಮಾನ್ಯ ಸ್ಟೋರ್‌ಕೀಪರ್ ಸಾಹೇಬರಿಗೆ,

ಕಾಗದ ತಲುಪಿತು. ಹನ್ನೊಂದು ತಪ್ಪು ಉಂಟು, ತಿದ್ದಿ ಇದರೊಂದಿಗೆ ಇಟ್ಟಿದ್ದೇನೆ. "ಇದು ರಾಜಿಯ ಕಾಗದ ಅಲ್ಲ" ಎಂಬ ವಾಕ್ಯವನ್ನೂ ತಪ್ಪಿನ ಲೆಕ್ಕಕ್ಕೆ ಸೇರಿಸಿದ್ದೇನೆ.

ಮೊದಲನೆಯ ಡ್ರಾಯರಿನಲ್ಲಿ ಸೌಟು, ಇಕ್ಕಳ, ಒಗ್ಗರಣೆ ಡಬ್ಬ. ಬಿಲ್ಲುಗಳನ್ನು ನಿಮ್ಮ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳಿ. ಚಿಮಣಿ ಬೇಡ, ಅಷ್ಟು ದೊಡ್ಡ ಕಿಟಕಿ ಇಟ್ಟದ್ದು ಎಂತಕ್ಕೆ? ವಿನೋದಾ ನೋಡುತ್ತಾಳೆ ಎಂದು ಪರದೆ ಹಾಕಬೇಡಿ. ನೀವು ಊರಲ್ಲಿಲ್ಲದ ವರ್ಷಗಳಲ್ಲಿ ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟವಳು ಅವಳು. ನೋಡಿದರೆ ನೋಡಲಿ.

ಅಮ್ಮನ ಕಡೆಯುವ ಕಲ್ಲು ಕ್ಷೇಮವಾಗಿಲ್ಲ. ತೆಂಗಿನ ಬುಡದಲ್ಲಿ ಕವುಚಿ ಬಿದ್ದು ಮಳೆಯಲ್ಲಿ ನೆನೆಯುತ್ತಿದೆ. ಅದರ ಮೇಲೆ ಸಿಮೆಂಟ್ ಗೋಣಿಯೂ ಉಂಟು. ಅದನ್ನು ತೊಳೆದು ಒಳಗೆ ತನ್ನಿ, ಹಿತ್ತಿಲ ಬಾಗಿಲಿನ ಹತ್ತಿರ ನೆಲದಲ್ಲಿ ಕೂರಿಸಿ. ಪಕ್ಕದಲ್ಲಿ ತಗ್ಗಿಗೆ ಒಂದು ನಲ್ಲಿ ಮತ್ತು ನನ್ನ ಮೆಟ್ಟುಕತ್ತಿಗೆ ಜಾಗ ಬಿಡಿ. ನಾನು ಮೀನು ಕೊಯ್ಯುವುದು ಕುಳಿತುಕೊಂಡು. ಅಷ್ಟು ವರ್ಷದಲ್ಲಿ ರಜೆಗೆ ಬಂದಾಗಲೆಲ್ಲ ನನ್ನನ್ನು ಕುಳಿತದ್ದೇ ನೋಡಿದ್ದೀರಿ, ನನ್ನ ಎತ್ತರ ನಿಮಗೆ ಹೇಗೆ ಗೊತ್ತಾಗಬೇಕು? ಆ ವಿಷಯಕ್ಕೆ ನಾಚಿಕೆಪಡಬೇಡಿ.

ಬಂಗುಡೆಯ ವಿಷಯದಲ್ಲಿ ನಾಚಿಕೆಪಡಿ. ಬೆಕ್ಕಿಗೆ ಇಷ್ಟವಾದದ್ದಲ್ಲ, ಬೆಕ್ಕು ಮಾತ್ರ ತಿಂದದ್ದು. ವಿನೋದಾ ಊಟ ಕಳಿಸುವ ಮೊದಲು ನೀವು ಬ್ರೆಡ್ಡು ಮತ್ತು ಬೇಯಿಸಿದ ಮೊಟ್ಟೆಯಲ್ಲಿಯೇ ದಿನ ತಳ್ಳಿದ್ದೀರಿ, ಅಂಗಿ ಮೈಮೇಲೆ ದೊಗಳೆಯಾಗಿದೆ. ಇದನ್ನು ಕೇಳಿದ ದಿನ ನಾನು ಇಲ್ಲಿ ತಟ್ಟೆ ಬಿಟ್ಟು ಎದ್ದೆ. ಹಠಮಾರಿಯ ಹೆಂಡತಿ ನಾನು, ಕಲ್ಲು ಅಲ್ಲ.

ಈಗ ನೈಟಿ. ಅದು ನನ್ನದಲ್ಲ. ಈಸ್ಟರಿಗೆ ಬಂದಾಗ ಸಿಂಥಿಯಾ ಬಿಟ್ಟುಹೋದದ್ದು. ಅವಳ ಎತ್ತರ ಐದು ಅಡಿ ಏಳು ಇಂಚು. ನಿಮ್ಮ ಕಾಗದದ ಆ ಭಾಗವನ್ನು ಓದಿ ಹೇಳಿದೆ, ನಕ್ಕು ನಕ್ಕು ನೆಲಕ್ಕೆ ಕುಳಿತವಳು ಏಳಲೇ ಇಲ್ಲ. ಭಾವ ತನಗಾಗಿ ಕಟ್ಟೆ ಕಟ್ಟಿಸಿದ್ದಾರೆ, ಅಡುಗೆಗೆ ಮಾತ್ರ ಕರೆಯಬೇಡಿ ಎನ್ನುತ್ತಾಳೆ. ನಾನು ನಾಲ್ಕು ಅಡಿ ಹನ್ನೊಂದು ಇಂಚು. ನಿಮ್ಮ ಕಟ್ಟೆಯ ಮೇಲಿನ ಪಾತ್ರೆಯಲ್ಲಿ ಎಂತ ಉಂಟು ಎಂದು ನೋಡಲು ನಾನು ಸ್ಟೂಲ್ ಹತ್ತಬೇಕು.

ಏರ್‌ಪೋರ್ಟಿನ ಸಾಲನ್ನು ಸಿಂಥಿಯಾಳಿಗೆ ಓದಿ ಹೇಳಲಿಲ್ಲ. ಆ ಅಳತೆ ನಿಮ್ಮಲ್ಲಿ ಇಲ್ಲದಿದ್ದರೆ ನನ್ನಲ್ಲಿ ಉಂಟು. ನನ್ನ ಹಣೆ ನಿಮ್ಮ ಅಂಗಿಯ ಎರಡನೆಯ ಗುಂಡಿಗೆ ಬರುತ್ತದೆ. ಪ್ರತಿ ಸಲವೂ ಅದು ಒತ್ತಿ ನೋಯುತ್ತಿತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ ಆ ಗುರುತು ಹೋಗದಿರಲಿ ಎಂದು ಹಣೆ ಮುಟ್ಟುತ್ತಿರಲಿಲ್ಲ.

ಕಟ್ಟೆ ಒಡೆಸಬೇಡಿ. ಅದು ನಿಮ್ಮ ಎತ್ತರಕ್ಕೆ ಸರಿಯಾಗಿ ಉಂಟು. ಇಷ್ಟು ವರ್ಷ ಒಲೆಯ ಮುಂದೆ ನಾನಿದ್ದೆ, ಇನ್ನು ನೀವು ನಿಲ್ಲಿ. ನಾನು ಹಿತ್ತಿಲ ಬಾಗಿಲಲ್ಲಿ ಕುಳಿತು ಹೇಳಿಕೊಡುತ್ತೇನೆ. ಸಾರಿಗೆ ಉಪ್ಪು ಎಷ್ಟು ಎಂದು ಕೇಳಬೇಡಿ, ರುಚಿ ನೋಡಿ ಕಲಿಯಿರಿ.

ತೆನೆಯನ್ನು ಅಂಚೆಯಲ್ಲಿ ಕಳಿಸಬೇಡಿ. ಏಳನೇ ತಾರೀಕು, ಭಾನುವಾರ, ಮೂರು ಗಂಟೆಗೆ ಕಾಪು ಪೇಟೆಯಲ್ಲಿ ಬಸ್ಸಿಳಿಯುತ್ತೇನೆ. ಚೀಲ ಭಾರ ಉಂಟು, ಬಂದು ನಿಂತಿರಿ. ಹಬ್ಬದ ಊಟಕ್ಕೆ ತೆಂಗಿನ ಹಾಲು ಬೇಕು. ಮೂರು ಕಾಯಿ ಸುಲಿದು ಇಟ್ಟಿರಿ. ಬೇಕಿದ್ದರೆ ಸಹಿ ನೀವೇ ಹಾಕಿಕೊಳ್ಳಿ.

ನಿಮ್ಮ,
ಬೆನೆಡಿಕ್ಟಾ

ಮತ್ತೊಂದು ಮಾತು: ಕೂಸಪ್ಪನನ್ನು ಬೈಯಬೇಡಿ. ಕೆಲಸ ಶುರುವಾದ ದಿನದಿಂದ ಊಟ ಆದ ಕೂಡಲೇ ತೆಂಗಿನ ಬುಡದಿಂದ ಫೋನ್ ಮಾಡಿ, "ಟೀಚರ್, ಅಣ್ಣ ಇವತ್ತು ಹೀಗೆ ಹೇಳಿದ್ದಾರೆ, ಎಂತ ಮಾಡುವುದು?" ಎಂದು ಕೇಳುತ್ತಿದ್ದ. ನೈಟಿಯ ದಿನವೂ ಕೇಳಿದ. ಅದು ನನ್ನದಲ್ಲ ಎಂದು ಅಂದೇ ಹೇಳಿದೆ. "ಆದರೂ ಅಣ್ಣನ ಅಳತೆಗೇ ಹಾಕು ಮಗಾ, ನಾನು ಬರುತ್ತೇನೆ" ಎಂದೂ ಹೇಳಿದೆ.